ಟೋರ್ಬೆಲ್ ಗ್ರಾಮವೂ ಅದರ ಹುಲ್ಲುಗಾವಲಿನ ಕಟ್ಟಳೆಯೂ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್. ಎಜಿ., ಬರೆದುದು)

ಒಂದು ಗ್ರಾಮದ ಸ್ಥಿತಿಯನ್ನು ತಿಳಿಯಬೇಕಾದರೆ ಅಲ್ಲಿಯ ಗದ್ದೆ ತೋಟಗಳನ್ನು ನೋಡಿದರೆ ಮಾತ್ರ ಸಾಲದು; ಅಲ್ಲಿಯ ದನ ಮೇಯುವ ಭೂಮಿಯನ್ನೂ ನೋಡಬೇಕು. ಹುಲ್ಲಿದ್ದಲ್ಲಿ ದನ, ದನವಿದ್ದಲ್ಲಿ ಗೊಬ್ಬರ, ಗೊಬ್ಬರವಿದ್ದಲ್ಲಿ ಬೆಳೆ ಎಂಬುದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಹೀಗಿದ್ದರೂ, ತನ್ನ ಹೊಲದ ಬದುವನ್ನು ಗೇಣು ಒತ್ತಿದರೆ ನ್ಯಾಯಸ್ಥಾನದವರೆಗೂ ಹೋಗುವ ರೈತನು ಊರಿನ ಗೋಮಾಳವು ಹಾಳಾಗುತ್ತಿರುವುದನ್ನು ನೋಡಿಯೂ ಸುಮ್ಮನಿರುವುದು ಎಲ್ಲ ಕಡೆಯೂ ಕಾಣಬರುವ ಸಂಗತಿಯಾಗಿದೆ.

ಕೆಲವು ವರ್ಷಗಳ ಹಿಂದೆ ಬೇಸಿಗೆಯ ಕೊನೆಯಲ್ಲಿ ನಾನು ಬಯಲುಸೀಮೆಯ ಒಂದು ಗ್ರಾಮಕ್ಕೆ ಸರ್ಕೀಟು ಹೋಗಿದ್ದೆನು. ಅಲ್ಲಿಯ ಗೋಮಾಳದಲ್ಲಿ ಜಾಲಿಯ ಗಿಡಗಳೂ ಕಲ್ಲುಗಳೂ ಹೊರತು ಹಸುರೆಂಬುದೇ ಇರಲಿಲ್ಲ. ಪಕ್ಕೆಯ ಎಲುಬುಗಳು ಎಣಿಕೆಗೆ ಸಿಕ್ಕುವಂತಿದ್ದ ದನಗಳು ನೆಲವನ್ನು ಮೂಸುತ್ತ ನಿಂತಿದ್ದುವು. "ಈ ಭೂಮಿ ಯಾರದು?" ಎಂದು ಕೇಳಿದೆನು. "ಸರ್ಕಾರದ್ದು, ಸ್ವಾಮಿ" ಎಂದರು. "ಇದರಲ್ಲಿ ಎಷ್ಟು ದನ ಮೇಯಬಹುದು?" ಎಂದೆನು. "ಊರಿನಲ್ಲಿ ಎಷ್ಟಿವೆಯೋ ಅಷ್ಟೂ" ಎಂದು ಒಬ್ಬ ಹಿರಿಯರು ಉತ್ತರ ಕೊಟ್ಟರು. ಅವರ ಮಾತಿನಲ್ಲಿ ಹಾಸ್ಯವೇನೂ ಇರಲಿಲ್ಲ. ಆ ಭೂಮಿಗೆ ಒಂದು ಲೆಕ್ಕವುಂಟು, ಒಂದು ಮಿತಿಯುಂಟು ಎಂಬ ಯೋಚನೆಯೇ ಅಲ್ಲಿದ್ದ ಯಾರಿಗೂ ಬಂದಿರಲಿಲ್ಲ.

ಆ ಹಿರಿಯರ ಉತ್ತರವು ಬಹುಕಾಲ ನನ್ನ ಮನಸ್ಸಿನಲ್ಲಿ ಉಳಿದಿತ್ತು. ಬಳಿಕ ಸ್ವಿಟ್ಜರ್ಲೆಂಡ್ ದೇಶದ ಟೋರ್ಬೆಲ್ ಎಂಬ ಸಣ್ಣ ಗ್ರಾಮದ ಚರಿತ್ರೆಯನ್ನು ಓದುವ ಅವಕಾಶ ದೊರೆತಾಗ, ಇದೇ ಪ್ರಶ್ನೆಗೆ ಆ ಊರಿನವರು ಐನೂರು ವರ್ಷಗಳ ಹಿಂದೆಯೇ ಬೇರೊಂದು ಉತ್ತರವನ್ನು ಬರೆದಿಟ್ಟಿರುವುದು ತಿಳಿಯಿತು. ನಾನು ಆ ಊರನ್ನು ಕಣ್ಣಾರೆ ಕಂಡವನಲ್ಲ. ಆದರೂ ಅದರ ವೃತ್ತಾಂತವು ಗ್ರಾಮದ ಮುಖ್ಯಸ್ಥರಿಗೂ ಜಮೀನುದಾರರಿಗೂ ಉಪಯುಕ್ತವಾಗಬಹುದೆಂದು ಭಾವಿಸಿ ಇಲ್ಲಿ ಸಂಗ್ರಹವಾಗಿ ಬರೆದಿದ್ದೇನೆ.

ಸ್ಥಳ ಮತ್ತು ಹವೆ.— ಸ್ವಿಟ್ಜರ್ಲೆಂಡಿನ ದಕ್ಷಿಣ ಭಾಗದಲ್ಲಿ ವಾಲಿಸ್ ಎಂಬ ಪ್ರಾಂತವಿದೆ. ರೋನ್ ನದಿಯು ಹುಟ್ಟಿ ಹರಿಯುವುದು ಇಲ್ಲಿಯೇ. ಉತ್ತರಕ್ಕೂ ದಕ್ಷಿಣಕ್ಕೂ ಎತ್ತರವಾದ ಆಲ್ಪ್ಸ್ ಪರ್ವತಗಳ ಸಾಲುಗಳು ಗೋಡೆಯಂತೆ ನಿಂತಿರುವುದರಿಂದ ಮೋಡಗಳು ತಮ್ಮ ನೀರನ್ನು ಹೊರಗಿನ ಇಳಿಜಾರುಗಳಲ್ಲಿಯೇ ಸುರಿಸಿಬಿಡುತ್ತವೆ. ಈ ಕಾರಣದಿಂದ ಹಿಮಶಿಖರಗಳ ನಡುವೆ ಇದ್ದರೂ ಈ ಕಣಿವೆಯು ಒಣ ಪ್ರದೇಶವೆನಿಸಿದೆ. ವಿಸ್ಪ್ ಪಟ್ಟಣದ ಬಳಿ ವರ್ಷಕ್ಕೆ ಬೀಳುವ ಮಳೆಯೂ ಹಿಮವೂ ಸೇರಿ ಸುಮಾರು ೬೦೦ ಮಿಲಿಮೀಟರ್, ಅಂದರೆ ಹೆಚ್ಚು ಕಡಮೆ ೨೪ ಅಂಗುಲ ಮಾತ್ರ. ನಮ್ಮ ಬಯಲುಸೀಮೆಯ ರೈತನಿಗೆ ಈ ಅಂಕಿ ಅಪರಿಚಿತವಾದುದಲ್ಲ.

ವಿಸ್ಪ್ ಪಟ್ಟಣದಿಂದ ದಕ್ಷಿಣಕ್ಕೆ ಹೋಗುವ ಉಪಕಣಿವೆಯಲ್ಲಿ ಸ್ಟಾಲ್ಡೆನ್ ಎಂಬ ಊರು ಸಿಕ್ಕುತ್ತದೆ. ಅದರ ಮೇಲಿನ ಕಡಿದಾದ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು ೧,೫೦೦ ಮೀಟರ್ ಎತ್ತರದಲ್ಲಿ, ಬೆಳಗಿನ ಬಿಸಿಲಿಗೆ ಮುಖಮಾಡಿ ಟೋರ್ಬೆಲ್ ಗ್ರಾಮವು ಕುಳಿತಿದೆ. ಆ ಸೀಮೆಯ ಜನರು ತಮ್ಮ ಆಡುನುಡಿಯಲ್ಲಿ ಅದನ್ನು 'ಟೆರ್ಬಿಲ್' ಎಂದು ಕರೆಯುವರು. ಕಣಿವೆಯ ಆಚೆ ಬದಿಯಲ್ಲಿ ೪,೫೪೫ ಮೀಟರ್ ಎತ್ತರದ ಡೋಮ್ ಶಿಖರವೂ ಅದರ ಸಂಗಡಿಗ ಶಿಖರಗಳೂ ಸದಾ ಹಿಮದಿಂದ ಕೂಡಿ ಕಾಣಿಸುತ್ತವೆ. ಊರಿನ ಬೆನ್ನಿಗೆ ಔಗ್ಸ್ಟ್‌ಬೋರ್ಡ್‌ಹಾರ್ನ್ ಎಂಬ ಬೆಟ್ಟವು ಸುಮಾರು ೨,೯೭೦ ಮೀಟರ್ ಎತ್ತರಕ್ಕೆ ಏರಿದೆ. ಗ್ರಾಮದ ಒಟ್ಟು ವಿಸ್ತೀರ್ಣವು ಹದಿನೇಳು ಹದಿನೆಂಟು ಚದರ ಕಿಲೋಮೀಟರುಗಳಷ್ಟು. ಜನಸಂಖ್ಯೆಯು ಸುಮಾರು ಐನೂರು.

ಈ ಗ್ರಾಮದ ಭೂಮಿಯನ್ನು ಮೆಟ್ಟಿಲುಗಳಂತೆ ಭಾವಿಸಿಕೊಂಡರೆ ವಿಷಯವು ಸುಲಭವಾಗಿ ತಿಳಿಯುವುದು. ಎಲ್ಲಕ್ಕಿಂತ ಕೆಳಗೆ, ಕಣಿವೆಯ ಬಳಿ, ಬಿಸಿಲು ಹೆಚ್ಚಾಗಿರುವ ಕಡೆ ದ್ರಾಕ್ಷಿಯ ತೋಟಗಳು. ಅದರ ಮೇಲೆ ಊರಿನ ಸುತ್ತಲೂ ಕಾಯಿಪಲ್ಯದ ಹಿತ್ತಲುಗಳು, ಧಾನ್ಯದ ಹೊಲಗಳು ಮತ್ತು ಚಳಿಗಾಲಕ್ಕೆ ಹುಲ್ಲು ಕೊಯ್ಯುವ ಬಯಲುಗಳು. ಅದರ ಮೇಲೆ ಕಾಡು. ಕಾಡಿಗೂ ಮೇಲೆ, ಮರಗಳು ಬೆಳೆಯಲಾರದ ಎತ್ತರದಲ್ಲಿ, ಬೇಸಿಗೆಯ ಕೆಲವೇ ತಿಂಗಳು ಹಸುರಾಗಿರುವ ಹುಲ್ಲುಗಾವಲು. ಇದನ್ನೇ ಆ ದೇಶದವರು 'ಆಲ್ಪ್' ಎನ್ನುತ್ತಾರೆ. ಸುಮಾರು ೨,೦೫೦ ಮೀಟರ್ ಎತ್ತರದ ಮೋಸಾಲ್ಪ್ ಎಂಬ ಬಯಲು ಈ ಭಾಗದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಯೂ ಅಷ್ಟು ಎತ್ತರವಿಲ್ಲ.

ಪೂರ್ವಚರಿತ್ರೆ.— ಇಲ್ಲಿಯ ಜನರು ಜರ್ಮನ್ ಭಾಷೆಯ ಒಂದು ಪ್ರಾಚೀನ ರೂಪವನ್ನು ಆಡುವವರು. ರೋಮನ್ ಕ್ಯಾಥೊಲಿಕ್ ಮತದವರು. ಮಧ್ಯಯುಗದಲ್ಲಿ ವಾಲಿಸ್ ಪ್ರಾಂತವು ಸಿಯೋನ್ ನಗರದ ಬಿಷಪ್ಪರ ಅಧಿಕಾರಕ್ಕೆ ಒಳಪಟ್ಟಿದ್ದಿತು. ಮುಂದೆ ಅದು ತನ್ನದೇ ಆದ ಗಣರಾಜ್ಯವಾಗಿ, ೧೭೯೮ರಲ್ಲಿ ಫ್ರೆಂಚರ ದಾಳಿಗೆ ಸಿಕ್ಕಿ, ಕೊನೆಗೆ ೧೮೧೫ರಲ್ಲಿ ಸ್ವಿಸ್ ಒಕ್ಕೂಟವನ್ನು ಸೇರಿತು. ದೊರೆಗಳು ಬಂದರು, ಹೋದರು. ಆದರೆ ಗ್ರಾಮದ ಲೆಕ್ಕಪತ್ರಗಳು ಮಾತ್ರ ಪೆಟ್ಟಿಗೆಯಲ್ಲಿ ಭದ್ರವಾಗಿ ಉಳಿದುವು.

ಈ ಪತ್ರಗಳೇ ಟೋರ್ಬೆಲ್ಲಿನ ನಿಜವಾದ ಸಂಪತ್ತು. ಜಮೀನಿನ ಸ್ವಾಧೀನ ಮತ್ತು ಪರಭಾರೆಗಳನ್ನು ತಿಳಿಸುವ ಬರಹಗಳು ೧೨೨೪ರಷ್ಟು ಹಿಂದಿನಿಂದಲೂ ದೊರೆಯುತ್ತವೆ. ೧೪೮೩ನೆಯ ಫೆಬ್ರವರಿ ೧ನೆಯ ತಾರೀಖು ಗ್ರಾಮಸ್ಥರು ಒಂದುಗೂಡಿ, ಆಲ್ಪ್, ಕಾಡು ಮತ್ತು ಬೀಳುಭೂಮಿಗಳನ್ನು ಉತ್ತಮವಾಗಿ ನಡೆಯಿಸುವುದಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿ ಕಟ್ಟುಪಾಡುಗಳ ಪತ್ರಕ್ಕೆ ಒಪ್ಪಿಗೆ ಹಾಕಿದರು. ಹೊರಗಿನವನು ಈ ಊರಿನಲ್ಲಿ ಜಮೀನನ್ನು ಕೊಂಡ ಮಾತ್ರದಿಂದ ಸಾಮುದಾಯಿಕ ಹುಲ್ಲುಗಾವಲಿನಲ್ಲಿ ದನ ಬಿಡುವ ಹಕ್ಕಾಗಲಿ ಕಾಡಿನಲ್ಲಿ ಮರ ಕಡಿಯುವ ಹಕ್ಕಾಗಲಿ ಅವನಿಗೆ ಬರತಕ್ಕದ್ದಲ್ಲವೆಂದೂ, ಅವನನ್ನು ಹಕ್ಕುದಾರನನ್ನಾಗಿ ಸೇರಿಸಿಕೊಳ್ಳುವ ಅಧಿಕಾರವು ಊರವರಿಗೆ ಸೇರಿದ್ದೆಂದೂ ಅದರಲ್ಲಿ ಬರೆಯಲ್ಪಟ್ಟಿತು. ಸಾಮುದಾಯಿಕ ಭೂಮಿಯ ಎಲ್ಲೆಗಳು ಖಚಿತವಾಗಿದ್ದುವೆಂಬುದಕ್ಕೆ ೧೫೦೭ರ ಒಂದು ಪಟ್ಟಿಯೇ ಸಾಕ್ಷಿಯಾಗಿದೆ. ಭೂಮಿ ಎಷ್ಟು, ಹಕ್ಕುದಾರರು ಯಾರು ಎಂಬ ಎರಡು ಪ್ರಶ್ನೆಗಳು ಹೀಗೆ ಮೊದಲೇ ತೀರ್ಮಾನವಾದುವು. ಇನ್ನು ಉಳಿದುದು ಒಬ್ಬೊಬ್ಬನು ಎಷ್ಟು ದನ ಬಿಡಬೇಕು ಎಂಬುದು.

ಜನರು ಮತ್ತು ಬೇಸಾಯ.— ಆ ಪ್ರಶ್ನೆಗೆ ದೊರೆತ ಉತ್ತರವನ್ನು ಹೇಳುವುದಕ್ಕೆ ಮುಂಚೆ ಇಲ್ಲಿಯ ಬೇಸಾಯದ ಕ್ರಮವನ್ನು ತಿಳಿದಿರುವುದು ಅವಶ್ಯಕ. ಹೊಲ, ಹುಲ್ಲು ಕೊಯ್ಯುವ ಬಯಲು, ಹಿತ್ತಲು, ದ್ರಾಕ್ಷಿತೋಟ ಇವೆಲ್ಲವೂ ಸ್ವಂತ ಆಸ್ತಿಗಳು; ಪಿತ್ರಾರ್ಜಿತವಾಗಿ ಬಂದವು. ಆಲ್ಪ್, ಕಾಡು, ಬೀಳುಭೂಮಿ, ನೀರಿನ ಕಾಲುವೆಗಳು ಮತ್ತು ದಾರಿಗಳು ಇವೈದು ಸಾಮುದಾಯಿಕ ಆಸ್ತಿಗಳು. ಸ್ವಂತದ್ದೂ ಸಮುದಾಯದ್ದೂ ಒಂದನ್ನೊಂದು ಆಶ್ರಯಿಸಿಕೊಂಡೇ ನಡೆದುಬಂದಿವೆ.

ಶತಮಾನಗಳ ಕಾಲ ಇವರ ಮುಖ್ಯ ಧಾನ್ಯವು ರೈ ಎಂಬುದಾಗಿದ್ದಿತು. ಇದು ಗೋಧಿಯ ಜಾತಿಗೆ ಹತ್ತಿರವಾದ, ಚಳಿಯನ್ನು ಸಹಿಸುವ ಬೆಳೆ. ಊರಿನ ಸಾಮುದಾಯಿಕ ಒಲೆಯಲ್ಲಿ ವರ್ಷಕ್ಕೆ ಕೆಲವೇ ಸಲ ರೊಟ್ಟಿಯನ್ನು ಸುಟ್ಟು ತಿಂಗಳುಗಟ್ಟಲೆ ಇಟ್ಟುಕೊಂಡು ತಿನ್ನುವುದು ವಾಲಿಸ್ ಸೀಮೆಯ ವಾಡಿಕೆಯಾಗಿದ್ದಿತು. ಧಾನ್ಯದ ಕಣಜಗಳನ್ನು ಮರದ ದಿಮ್ಮಿಗಳಿಂದ ಕಟ್ಟಿ, ಗಿಡ್ಡ ಕಂಬಗಳ ಮೇಲೆ ನಿಲ್ಲಿಸಿ, ಪ್ರತಿ ಕಂಬದ ತಲೆಗೂ ಅಗಲವಾದ ದುಂಡುಕಲ್ಲಿನ ಹಲಗೆಯನ್ನು ಹೊದಿಸುತ್ತಿದ್ದರು. ಕಂಬವನ್ನು ಹತ್ತಿ ಬಂದ ಇಲಿಯು ಈ ಕಲ್ಲಿನ ಅಂಚನ್ನು ದಾಟಲಾರದೆ ಹಿಂದಿರುಗಬೇಕು. ಔಷಧವಿಲ್ಲದೆ, ಬೋನಿಲ್ಲದೆ ಇಲಿಯ ಕಾಟವನ್ನು ತಪ್ಪಿಸುವ ಈ ಉಪಾಯವನ್ನು ಕಣಜ ಕಟ್ಟಿಸುವ ನಮ್ಮ ರೈತರೂ ಗಮನಿಸಬಹುದು.

ಚಳಿಗಾಲದಲ್ಲಿ ನೆಲವೆಲ್ಲ ಹಿಮದಿಂದ ಮುಚ್ಚಿಹೋಗುವುದರಿಂದ ವರ್ಷದ ಅರ್ಧದಷ್ಟು ಕಾಲ ದನಗಳನ್ನು ಕೊಟ್ಟಿಗೆಯಲ್ಲಿಯೇ ಕಟ್ಟಿ ಒಣಹುಲ್ಲು ಹಾಕಬೇಕು. ಕಡಿದಾದ ಬೆಟ್ಟದಲ್ಲಿ ಹುಲ್ಲನ್ನು ಹೊತ್ತು ತರುವುದು ಕಷ್ಟವಾದುದರಿಂದ ಹುಲ್ಲಿನ ಕೊಟ್ಟಿಗೆಗಳನ್ನು ಬಯಲುಗಳ ಮಧ್ಯದಲ್ಲಿಯೇ ಅಲ್ಲಲ್ಲಿ ಕಟ್ಟಿರುತ್ತಾರೆ. ಹುಲ್ಲನ್ನು ದನದ ಬಳಿಗೆ ತರುವ ಬದಲು ದನವನ್ನು ಹುಲ್ಲಿನ ಬಳಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಒಂದು ಕೊಟ್ಟಿಗೆಯ ಹುಲ್ಲು ಮುಗಿದ ಮೇಲೆ ಇನ್ನೊಂದಕ್ಕೆ. ಗೊಬ್ಬರವು ಹುಲ್ಲು ಬೆಳೆದ ಬಯಲಿನ ಪಕ್ಕದಲ್ಲಿಯೇ ಬೀಳುವುದರಿಂದ ಅದನ್ನು ಆ ಬಯಲಿಗೇ ಹರಡುವುದು ಸುಲಭ. ಭೂಮಿಯಿಂದ ತೆಗೆದುಕೊಂಡುದನ್ನು ಭೂಮಿಗೆ ಹಿಂದಕ್ಕೆ ಕೊಡಬೇಕೆಂಬ ತತ್ತ್ವವನ್ನು ಇವರು ಪುಸ್ತಕದಿಂದ ಕಲಿತವರಲ್ಲ.

ಚಳಿಗಾಲದ ಕಟ್ಟಳೆ.— ಇನ್ನು ಮುಖ್ಯ ವಿಷಯಕ್ಕೆ ಬರೋಣ. ೧೫೧೭ರಲ್ಲಿ, ಎಂದರೆ ಕೃಷ್ಣದೇವರಾಯನು ವಿಜಯನಗರದಲ್ಲಿ ಆಳುತ್ತಿದ್ದ ಕಾಲದಲ್ಲಿ, ಟೋರ್ಬೆಲ್ಲಿನವರು ಒಂದು ಕಟ್ಟಳೆಯನ್ನು ಬರೆದರು. ಅದರ ಸಾರವಿಷ್ಟೆ: ಯಾವ ಹಕ್ಕುದಾರನೂ ತಾನು ಚಳಿಗಾಲದಲ್ಲಿ ಸಾಕಬಲ್ಲಷ್ಟು ಹಸುಗಳಿಗಿಂತ ಹೆಚ್ಚನ್ನು ಬೇಸಿಗೆಯಲ್ಲಿ ಆಲ್ಪಿಗೆ ಕಳುಹಿಸಕೂಡದು.

ಈ ಒಂದು ವಾಕ್ಯದಲ್ಲಿ ಎಷ್ಟು ವಿವೇಕವು ಅಡಗಿದೆಯೆಂಬುದನ್ನು ನಿಧಾನವಾಗಿ ವಿಚಾರಮಾಡಬೇಕು. ಒಬ್ಬ ರೈತನ ಕೊಟ್ಟಿಗೆಯಲ್ಲಿ ಮೂರು ಹಸುಗಳಿಗೆ ಚಳಿಗಾಲವನ್ನು ಕಳೆಯುವಷ್ಟು ಹುಲ್ಲಿದೆಯೆಂದು ಭಾವಿಸೋಣ. ಅವನು ವಸಂತಕಾಲದಲ್ಲಿ ಸಂತೆಯಿಂದ ಮತ್ತೆರಡು ಹಸುಗಳನ್ನು ಕೊಂಡು ತಂದು, ಊರಿನ ಹುಲ್ಲಿನಲ್ಲಿ ಮೇಯಿಸಿ ಕೊಬ್ಬಿಸಿ, ಚಳಿಗಾಲಕ್ಕೆ ಮುಂಚೆ ಮಾರಿಬಿಡಬೇಕೆಂದು ಯೋಚಿಸಿದರೆ ಆ ಯೋಚನೆಯು ನಡೆಯುವಂತಿಲ್ಲ. ಹಣವಂತನಾದ ವ್ಯಾಪಾರಿಯೂ ಊರಿನ ಹುಲ್ಲನ್ನು ತನ್ನ ವ್ಯಾಪಾರದ ಬಂಡವಾಳವನ್ನಾಗಿ ಮಾಡಿಕೊಳ್ಳಲಾರನು. ಇದು ಮೊದಲನೆಯ ಗುಣ.

ಎರಡನೆಯದಾಗಿ, ಈ ಕಟ್ಟಳೆಯನ್ನು ಪರೀಕ್ಷಿಸುವುದಕ್ಕೆ ಅಳತೆಯ ಸಾಧನವಾಗಲಿ ದೂರದಿಂದ ಬರುವ ಅಧಿಕಾರಿಯಾಗಲಿ ಬೇಕಿಲ್ಲ. ಯಾರ ಮನೆಯಲ್ಲಿ ಎಷ್ಟು ಹುಲ್ಲಿದೆ, ಚಳಿಗಾಲವೆಲ್ಲ ಎಷ್ಟು ಹಸುಗಳು ಕಟ್ಟಿದ್ದುವು ಎಂಬುದು ನೆರೆಯವರಿಗೆಲ್ಲ ಗೊತ್ತು. ಸುಳ್ಳು ಹೇಳಬೇಕೆಂದರೂ ಸಾಧ್ಯವಾಗುವುದಿಲ್ಲ.

ಮೂರನೆಯದು, ನನ್ನ ಅಭಿಪ್ರಾಯದಲ್ಲಿ, ಎಲ್ಲಕ್ಕಿಂತ ಹೆಚ್ಚಿನದು. ಒಬ್ಬನಿಗೆ ಆಲ್ಪಿನಲ್ಲಿ ಇನ್ನೊಂದು ಹಸುವನ್ನು ಬಿಡುವ ಆಸೆಯಿದ್ದರೆ ಅವನು ಮಾಡತಕ್ಕ ಕೆಲಸವು ಒಂದೇ: ತನ್ನ ಸ್ವಂತ ಬಯಲಿಗೆ ಗೊಬ್ಬರ ಹಾಕಿ, ನೀರು ಹಾಯಿಸಿ, ಇನ್ನೊಂದು ಹಸುವಿಗೆ ಸಾಲುವಷ್ಟು ಹುಲ್ಲನ್ನು ಬೆಳೆಯುವುದು. ಎಂದರೆ ಅವನ ದುರಾಸೆಯೂ ಕೂಡ ಅವನನ್ನು ಊರಿನ ಭೂಮಿಯನ್ನು ಕೆಡಿಸುವುದರ ಕಡೆಗಲ್ಲ, ತನ್ನ ಭೂಮಿಯನ್ನು ಸುಧಾರಿಸುವುದರ ಕಡೆಗೆ ತಳ್ಳುತ್ತದೆ. ಕೆಳಗಿನ ಬಯಲುಗಳಿಗೆ ಒಂದು ಮಿತಿಯಿರುವುದರಿಂದ ಮೇಲಿನ ಆಲ್ಪಿಗೆ ಹೋಗುವ ದನಗಳಿಗೂ ತಾನಾಗಿಯೇ ಒಂದು ಮಿತಿಯು ಏರ್ಪಡುತ್ತದೆ. ಇಂತಹ ಕಟ್ಟಳೆಯು ಸ್ವಿಟ್ಜರ್ಲೆಂಡಿನ ಬೇರೆ ಅನೇಕ ಗ್ರಾಮಗಳಲ್ಲಿಯೂ ಇದ್ದಿತೆಂದು ತಿಳಿದುಬರುತ್ತದೆ.

ಆಲ್ಪಿನ ಆಡಳಿತ.— ಕಟ್ಟಳೆಯನ್ನು ಬರೆದರೆ ಸಾಲದು. ಅದನ್ನು ನಡೆಯಿಸುವವರು ಬೇಕು. ಟೋರ್ಬೆಲ್ಲಿನಲ್ಲಿ ಗೆವಾಲ್ಟ್‌ಹಾಬರ್ ಎಂಬ ಅಧಿಕಾರಿಯು ಈ ಕೆಲಸಕ್ಕೆ ನೇಮಕವಾಗುತ್ತಿದ್ದನು. ಇವನು ಸರ್ಕಾರದಿಂದ ಬಂದವನಲ್ಲ, ಊರಿನವನೇ. ತನ್ನ ಪಾಲಿಗಿಂತ ಹೆಚ್ಚು ಹಸುಗಳನ್ನು ಕಳುಹಿಸಿದವನಿಗೆ ದಂಡ ಹಾಕುವ ಅಧಿಕಾರವು ಇವನಿಗಿದ್ದಿತು. ವಸೂಲಾದ ದಂಡದಲ್ಲಿ ಅರ್ಧವನ್ನು ಇವನೇ ಇಟ್ಟುಕೊಳ್ಳಬಹುದಾಗಿದ್ದಿತು. ಇದರಿಂದ ದಾಕ್ಷಿಣ್ಯಕ್ಕೆ ಸಿಕ್ಕಿ ಕಣ್ಣು ಮುಚ್ಚಿಕೊಳ್ಳುವ ಪ್ರಸಕ್ತಿಯು ಕಡಮೆಯಾಯಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬೇಸಿಗೆಯ ಆರಂಭದಲ್ಲಿ ಊರಿನ ಹಸುಗಳೆಲ್ಲವೂ ಏಕಕಾಲದಲ್ಲಿ ಬೆಟ್ಟವನ್ನು ಹತ್ತುವುವು. ಒಬ್ಬನು ಮೊದಲೇ ಹೋಗಿ ಎಳೆಯ ಹುಲ್ಲನ್ನು ಮೇಯಿಸಿಬಿಡುವುದಕ್ಕೆ ಅವಕಾಶವಿಲ್ಲ. ಹತ್ತಿದ ಕೂಡಲೆ ಎಣಿಕೆ ನಡೆಯುತ್ತದೆ. ಏಕೆಂದರೆ ಯಾವ ಮನೆಯಿಂದ ಎಷ್ಟು ಹಸುಗಳು ಬಂದಿವೆಯೆಂಬ ಲೆಕ್ಕದಂತೆಯೇ ಕೊನೆಯಲ್ಲಿ ಚೀಸಿನ ಹಂಚಿಕೆಯಾಗಬೇಕು. ಪ್ರತಿಯೊಬ್ಬನೂ ತನ್ನ ಹಸುವಿನ ಹಿಂದೆ ಹೋಗುವುದಿಲ್ಲ. ಸಂಘವು ಗೊತ್ತುಮಾಡಿದ ಕೆಲವೇ ಮಂದಿ ಗೋಪಾಲಕರು ಮೇಲೆ ಉಳಿದು ಹಾಲು ಕರೆದು, ಅದನ್ನು ಕಾಯಿಸಿ ಹೆಪ್ಪುಗಟ್ಟಿಸಿ ಚೀಸ್ ಮಾಡುತ್ತಾರೆ. ಉಳಿದವರು ಕೆಳಗೆ ಹುಲ್ಲು ಕೊಯ್ದು ಒಣಗಿಸಿ ಚಳಿಗಾಲಕ್ಕೆ ಸಿದ್ಧಮಾಡಿಕೊಳ್ಳುತ್ತಾರೆ. ಹಾಲು ಕೆಡುವ ವಸ್ತು; ಚೀಸಾದರೆ ತಿಂಗಳುಗಟ್ಟಲೆ ಇರುತ್ತದೆ. ದೂರದ ಬೆಟ್ಟದ ಹುಲ್ಲು ಹೀಗೆ ಮನೆಯ ಉಗ್ರಾಣದ ಆಹಾರವಾಗುತ್ತದೆ.

ಆಲ್ಪಿನ ಸಂಘದಲ್ಲಿ ದನವುಳ್ಳ ಹಕ್ಕುದಾರರೆಲ್ಲರೂ ಸದಸ್ಯರು. ವರ್ಷಕ್ಕೊಮ್ಮೆ ಸಭೆ ಸೇರಿ ನಿಯಮಗಳನ್ನು ಚರ್ಚಿಸಿ ಅಧಿಕಾರಿಗಳನ್ನು ಚುನಾಯಿಸುವರು. ಗೋಪಾಲಕರನ್ನು ಗೊತ್ತುಮಾಡುವುದು, ದಂಡ ವಿಧಿಸುವುದು, ಆಲ್ಪಿನ ಮೇಲೆ ಗೊಬ್ಬರವನ್ನು ಹರಡಿಸುವುದು, ದಾರಿಗಳನ್ನು ರಿಪೇರಿ ಮಾಡಿಸುವುದು, ಹಿಮರಾಶಿಯು ಜಾರಿ ಬಿದ್ದು ಮುರಿದ ದೊಡ್ಡಿ ಗುಡಿಸಲುಗಳನ್ನು ಮತ್ತೆ ಕಟ್ಟಿಸುವುದು ಇವೆಲ್ಲ ಆ ಅಧಿಕಾರಿಗಳ ಕೆಲಸಗಳು. ಈ ದುರಸ್ತಿಗೆ ಪ್ರತಿಯೊಬ್ಬನೂ ಕೊಡಬೇಕಾದ ಆಳಿನ ದಿನಗಳಾಗಲಿ ಹಣವಾಗಲಿ ಅವನು ಕಳುಹಿಸಿದ ಹಸುಗಳ ಸಂಖ್ಯೆಗೆ ಅನುಗುಣವಾಗಿರುತ್ತದೆ. ಹೆಚ್ಚು ಮೇಯಿಸಿದವನು ಹೆಚ್ಚು ದುಡಿಯತಕ್ಕದ್ದು. ಇದರಲ್ಲಿ ಜಗಳಕ್ಕೆ ಎಡೆಯೆಲ್ಲಿ?

ಕಾಡು ಮತ್ತು ನೀರು.— ಕಾಡಿನ ವಿಷಯದಲ್ಲಿಯೂ ಇದೇ ಬಗೆಯ ಕ್ರಮವುಂಟು. ಬೆಟ್ಟದ ಮೇಲಿನ ಕಾಡು ಬರಿಯ ಸೌದೆಯ ಭಂಡಾರವಲ್ಲ; ಹಿಮರಾಶಿಯು ಜಾರಿ ಊರಿನ ಮೇಲೆ ಬೀಳದಂತೆ ತಡೆಯುವ ಕೋಟೆಯೂ ಹೌದು. ಆದುದರಿಂದ ಕಡಿಯತಕ್ಕ ಮರಗಳನ್ನು ಊರಿನ ಅಧಿಕಾರಿಗಳೇ ಗುರುತುಮಾಡಿ, ಚೀಟಿ ಎತ್ತಿ ಮನೆಗಳ ಗುಂಪುಗಳಿಗೆ ಹಂಚುವರು. ಗುರುತಿಲ್ಲದ ಮರವನ್ನು ಕಡಿಯುವ ಹಾಗಿಲ್ಲ. ಒಳ್ಳೆಯ ಮರವು ಪ್ರಬಲನಿಗೂ ಕೆಟ್ಟದ್ದು ಬಡವನಿಗೂ ಹೋಯಿತೆಂಬ ಆಕ್ಷೇಪಣೆಗೆ ಚೀಟಿಯೇ ಉತ್ತರ. ಮುಂದೆ ೧೮೭೬ರಲ್ಲಿ ಸ್ವಿಸ್ ಒಕ್ಕೂಟದ ಸರ್ಕಾರವು ಬೆಟ್ಟಗಾಡುಗಳ ರಕ್ಷಣೆಗೆ ಕಾನೂನನ್ನು ಮಾಡಿತು. ಆದರೆ ಟೋರ್ಬೆಲ್ಲಿನವರು ತಮ್ಮ ಕಾಡಿಗೆ ಕಟ್ಟುಪಾಡನ್ನು ಅದಕ್ಕೆ ಸುಮಾರು ನಾನೂರು ವರ್ಷ ಮುಂಚೆಯೇ ಮಾಡಿಕೊಂಡಿದ್ದರು.

ಮಳೆ ಕಡಮೆಯಾದುದರಿಂದ ಹುಲ್ಲಿನ ಬಯಲುಗಳಿಗೂ ಇಲ್ಲಿ ನೀರು ಹಾಯಿಸಬೇಕು. ಬೆಟ್ಟದ ಮೇಲೆ ಹಿಮ ಕರಗಿ ಹರಿಯುವ ತೊರೆಗಳಿಂದ ಇಳಿಜಾರಿನ ಅಡ್ಡಲಾಗಿ ಸಣ್ಣ ಕಾಲುವೆಗಳನ್ನು ತೋಡಿ ನೀರನ್ನು ತರುವರು. ಇವಕ್ಕೆ ಅಲ್ಲಿ 'ಸುವೋನೆ' ಎಂದು ಹೆಸರು. ಬಂಡೆಯು ಅಡ್ಡಬಂದ ಕಡೆ ಮರದ ದೋಣಿಗಳ ಮೂಲಕ ನೀರನ್ನು ದಾಟಿಸುತ್ತಿದ್ದರು. ನೀರನ್ನು ಗಂಟೆಗಳ ಸರದಿಯಂತೆ ಹಂಚುವುದು ಪದ್ಧತಿ. ಅಕ್ಷರ ಬಾರದ ಕಾಲದಲ್ಲಿ ವಾಲಿಸ್ ಪ್ರಾಂತದ ಗ್ರಾಮಗಳಲ್ಲಿ ಪ್ರತಿ ಮನೆಗೂ ಒಂದು ಗುರುತಿದ್ದಿತು. ಆ ಗುರುತನ್ನೂ ನೀರಿನ ಅಥವಾ ಹುಲ್ಲುಗಾವಲಿನ ಪಾಲನ್ನೂ ಮರದ ತುಂಡುಗಳಲ್ಲಿ ಕೆತ್ತಿ ಇಡುತ್ತಿದ್ದರು. ಅದೇ ಅವರ ಲೆಕ್ಕದ ಪುಸ್ತಕ. ಸ್ವಿಟ್ಜರ್ಲೆಂಡು ಮತ್ತು ಅದರ ನೆರೆಹೊರೆಯ ದೇಶಗಳ ಈ ಸಾಂಪ್ರದಾಯಿಕ ನೀರಾವರಿಯನ್ನೂ, ಸ್ವಿಟ್ಜರ್ಲೆಂಡಿನ ಬೇಸಿಗೆಯ ಆಲ್ಪ್ ಸಾಗಾಣಿಕೆಯನ್ನೂ ಯುನೆಸ್ಕೊ ಸಂಸ್ಥೆಯು ೨೦೨೩ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕುಂದುಕೊರತೆಗಳು.— ಇಷ್ಟನ್ನು ಓದಿದ ಮೇಲೆ ಟೋರ್ಬೆಲ್ ಒಂದು ರಾಮರಾಜ್ಯವೆಂದು ವಾಚಕರು ಭಾವಿಸಕೂಡದು. ಅಲ್ಲಿಯ ಪದ್ಧತಿಗೆ ಬೆಲೆಯನ್ನು ತೆತ್ತವರೂ ಉಂಟು. ಮೊದಲನೆಯದಾಗಿ, ಹೊರಗಿನವರಿಗೆ ಬಾಗಿಲು ಮುಚ್ಚಿದ್ದಿತು. ಎರಡನೆಯದಾಗಿ, ತಂದೆತಾಯಿಗಳ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಭಾಗ ದೊರೆಯುತ್ತಿದ್ದುದು ನ್ಯಾಯವೇ ಆದರೂ, ಜಮೀನು ಮಾತ್ರ ತುಂಡುತುಂಡಾಯಿತು. ಒಂದು ಕೊಟ್ಟಿಗೆಗೆ, ಒಂದು ಕಣಜಕ್ಕೆ, ಒಂದು ಮನೆಗೆ ಹಲವರು ಪಾಲುದಾರರಾದರು. ಈ ತುಂಡುಗಳು ತೀರ ಸಣ್ಣವಾಗದಂತೆ ತಡೆದುದು ಯಾವುದೆಂದರೆ ತಡವಾದ ವಿವಾಹ, ಅನೇಕರ ಆಜನ್ಮ ಬ್ರಹ್ಮಚರ್ಯ, ಮತ್ತು ಊರು ಬಿಟ್ಟು ಹೋಗುವುದು. ಹುಲ್ಲುಗಾವಲಿನ ಮಿತಿಯು ಹೀಗೆ ಮನುಷ್ಯರ ಬಾಳಿನ ಮಿತಿಯೂ ಆಯಿತು. ಅಣ್ಣನ ಮನೆಯಲ್ಲಿ ದುಡಿದು ಅವಿವಾಹಿತನಾಗಿಯೇ ಮುದುಕನಾದ ತಮ್ಮನನ್ನು ಆ ಕಟ್ಟಳೆಯ ಕೀರ್ತಿಯನ್ನು ಹಾಡುವಾಗ ಮರೆಯಬಾರದು. ಇನ್ನು ರಾಷ್ಟ್ರೀಯ ಚುನಾವಣೆಗಳಲ್ಲಿ ಸ್ವಿಸ್ ಸ್ತ್ರೀಯರಿಗೆ ಮತದ ಹಕ್ಕು ಬಂದುದು ೧೯೭೧ರಲ್ಲಿ ಮಾತ್ರ. ಹುಲ್ಲು ಕೊಯ್ದ ಕೈಗಳೆಲ್ಲವೂ ಸಭೆಯಲ್ಲಿ ಎತ್ತುವ ಕೈಗಳಾಗಿರಲಿಲ್ಲ.

ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಆಲೂಗಡ್ಡೆಯ ಬೇಸಾಯವು ಬಂದಿತು. ಅಷ್ಟೇ ನೆಲದಲ್ಲಿ ಹೆಚ್ಚು ಬಾಯಿಗಳಿಗೆ ಆಹಾರ ದೊರೆಯುವಂತಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಜನಸಂಖ್ಯೆಯು ಬೆಳೆಯಿತು. ಭೂಮಿಯ ಮೇಲಿನ ಒತ್ತಡವೂ ಬಲವಾಯಿತು. ಒಂದು ಹೊಸ ಬೆಳೆಯು ಒಂದು ಊರಿನ ಸಂಸಾರದ ಲೆಕ್ಕವನ್ನೆಲ್ಲ ಬದಲಾಯಿಸಬಲ್ಲುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಈಚಿನ ಕಾಲ.— ೧೮೯೧ರಲ್ಲಿ ವಿಸ್ಪ್ ಪಟ್ಟಣದಿಂದ ಸ್ಟಾಲ್ಡೆನ್ ಮಾರ್ಗವಾಗಿ ಝೆರ್ಮಾಟಿನವರೆಗೆ ರೈಲು ಪೂರ್ಣವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ವಿಸ್ಪಿನಲ್ಲಿ ದೊಡ್ಡ ರಾಸಾಯನಿಕ ಕಾರ್ಖಾನೆಯು ಬೆಳೆಯಿತು. ಬೆಟ್ಟದ ಮೇಲಿನ ಯುವಕರು ಕೂಲಿಗೆ ಇಳಿದು ಬರತೊಡಗಿದರು. ಬೇಸಾಯವು ಸಂಜೆಯ ಕೆಲಸವಾಯಿತು. ರೈ ಹೊಲಗಳು ಕ್ರಮೇಣ ಹುಲ್ಲಿನ ಬಯಲುಗಳಾದುವು. ಆಲ್ಪ್ಸ್ ಪ್ರದೇಶದ ಅನೇಕ ಕಡೆ ಈಗ ಇರುವ ಚಿಂತೆಯು ಹಿಂದಿನದಕ್ಕೆ ತದ್ವಿರುದ್ಧವಾದುದು: ದನ ಹೆಚ್ಚಾಗಿ ಹುಲ್ಲು ಹಾಳಾಗುವುದಲ್ಲ, ಮೇಯುವ ದನವಿಲ್ಲದೆ ಹುಲ್ಲುಗಾವಲಿನಲ್ಲಿ ಪೊದೆ ಬೆಳೆಯುವುದು. ಆದಕಾರಣ ಸ್ವಿಸ್ ಸರ್ಕಾರವು ಆಲ್ಪಿಗೆ ದನ ಕಳುಹಿಸುವ ರೈತರಿಗೆ ಸಹಾಯಧನವನ್ನು ಕೊಡುತ್ತದೆ. ಇಲ್ಲಿಯೂ ಲೆಕ್ಕವನ್ನು ಬಿಟ್ಟಿಲ್ಲ. ಒಂದು ಹಸುವು ನೂರು ದಿನ ಮೇಯುವುದನ್ನು ಒಂದು ಮಾನವಾಗಿ ಹಿಡಿದು, ತೀರ ಹೆಚ್ಚಾದರೂ ತೀರ ಕಡಮೆಯಾದರೂ ಸಹಾಯವನ್ನು ತಗ್ಗಿಸುತ್ತಾರೆ.

ಈ ಸಣ್ಣ ಊರಿನ ಹೆಸರು ಪ್ರಪಂಚಕ್ಕೆ ತಿಳಿದ ಬಗೆಯೂ ಸ್ವಾರಸ್ಯವಾಗಿದೆ. ೧೯೬೮ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿಜ್ಞಾನಿಯು, ಎಲ್ಲರಿಗೂ ಸೇರಿದ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬನೂ ಇನ್ನೊಂದು ದನವನ್ನು ಬಿಡುತ್ತಲೇ ಹೋಗಿ ಕೊನೆಗೆ ಎಲ್ಲರೂ ಹಾಳಾಗುವರೆಂದು ವಾದಿಸಿದನು. ಆ ಬಳಿಕ ರಾಬರ್ಟ್ ನೆಟ್ಟಿಂಗ್ ಎಂಬ ಮಾನವಶಾಸ್ತ್ರಜ್ಞನು ಟೋರ್ಬೆಲ್ಲಿನಲ್ಲಿ ವಾಸಮಾಡಿ, ಅಲ್ಲಿಯ ಹಳೆಯ ಪತ್ರಗಳನ್ನೂ ಚರ್ಚಿನ ಜನನ ಮರಣದ ದಾಖಲೆಗಳನ್ನೂ ಶೋಧಿಸಿ, ೧೯೮೧ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ೧೫೧೭ರ ಕಟ್ಟಳೆಯು ಆಗಲೂ ಜಾರಿಯಲ್ಲಿದ್ದುದನ್ನು ಅವನು ಕಂಡನು. ಎಲಿನರ್ ಆಸ್ಟ್ರಮ್ ಎಂಬ ವಿದುಷಿಯು ೧೯೯೦ರ ತನ್ನ ಗ್ರಂಥದಲ್ಲಿ ಟೋರ್ಬೆಲ್ಲನ್ನು ಮೊದಲ ನಿದರ್ಶನಗಳಲ್ಲಿ ಒಂದಾಗಿ ಎತ್ತಿಕೊಂಡು, ಬಳಸುವವರೇ ಕೂಡಿ ನಿಯಮ ಮಾಡಿಕೊಂಡರೆ ಸಾಮುದಾಯಿಕ ಭೂಮಿಯು ಶತಮಾನಗಳ ಕಾಲ ಬಾಳಬಲ್ಲುದೆಂದು ತೋರಿಸಿದಳು. ೨೦೦೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಮೊದಲನೆಯ ಮಹಿಳೆ ಈಕೆಯೇ.

ನಾವು ಗ್ರಹಿಸಬಹುದಾದುದು.— ನಮ್ಮ ಹವೆ ಬೇರೆ, ನಮ್ಮ ದನದ ಜಾತಿ ಬೇರೆ, ಭೂಮಿಯ ಕಾನೂನು ಬೇರೆ. ಟೋರ್ಬೆಲ್ಲಿನ ಕಟ್ಟಳೆಯನ್ನು ಹಾಗೆಯೇ ತಂದು ಇಲ್ಲಿ ನೆಡುವುದು ಸಾಧ್ಯವಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕರ್ನಾಟಕದ ೧೯೬೬ರ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ ನೂರು ದನಗಳಿಗೆ ಹನ್ನೆರಡು ಹೆಕ್ಟೇರಿನಂತೆ ಮೇವಿಗಾಗಿ ಭೂಮಿಯನ್ನು ಬಿಡತಕ್ಕದ್ದು. ಎಂದರೆ ನಮ್ಮಲ್ಲಿ ದನವನ್ನು ಎಣಿಸಿ ಭೂಮಿಯನ್ನು ಹುಡುಕುತ್ತೇವೆ. ಅವರು ಹುಲ್ಲನ್ನು ಎಣಿಸಿ ದನವನ್ನು ಗೊತ್ತುಮಾಡಿದರು. ಭೂಮಿಯು ದನದಂತೆ ಮರಿಹಾಕುವುದಿಲ್ಲವಾದುದರಿಂದ ಎರಡನೆಯ ಲೆಕ್ಕವೇ ಹೆಚ್ಚು ಕಾಲ ನಡೆಯತಕ್ಕದ್ದೆಂದು ತೋರುತ್ತದೆ.

ಗ್ರಾಮದ ಮುಖ್ಯಸ್ಥರು ಮನಸ್ಸು ಮಾಡಿದರೆ ಹಣದ ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳು ಹೀಗಿವೆ:

(೧) ಸುಗ್ಗಿಯಾದ ಮೇಲೆ ಯಾರ ಮನೆಯಲ್ಲಿ ಎಷ್ಟು ಬಣವೆ, ಎಷ್ಟು ದನ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು. ಬೇಸಿಗೆಯಲ್ಲ, ಬಣವೆಯೇ ದನದ ಮಿತಿ.

(೨) ಗೋಮಾಳದ ಎಲ್ಲೆಯನ್ನು ವರ್ಷಕ್ಕೊಮ್ಮೆ ಊರವರೆಲ್ಲ ಕೂಡಿ ಸುತ್ತಿ ನೋಡಿ, ಒತ್ತುವರಿಯಿದ್ದರೆ ಆಗಲೇ ತಿಳಿಸುವುದು.

(೩) ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಗೋಮಾಳದ ಒಂದು ಭಾಗವನ್ನು ಹುಲ್ಲು ಬೀಜ ಕಟ್ಟುವವರೆಗೆ ಮೇಯಿಸದೆ ಬಿಡುವಂತೆ ಗ್ರಾಮಸಭೆಯಲ್ಲಿ ಒಪ್ಪಿಕೊಂಡು, ಮರುವರ್ಷ ಬೇರೆ ಭಾಗವನ್ನು ಬಿಡುವುದು.

(೪) ಹೆಚ್ಚು ದನವುಳ್ಳವರು ಗೋಮಾಳದ ಕೆಲಸಕ್ಕೆ ಹೆಚ್ಚು ಆಳನ್ನು ಕೊಡುವುದು. ಮುಯ್ಯಾಳಿನ ಪದ್ಧತಿಯನ್ನು ಬಲ್ಲ ನಮ್ಮ ಜನರಿಗೆ ಇದು ಹೊಸದಾಗಿ ತೋರಲಾರದು.

ಇವುಗಳಲ್ಲಿ ಮೊದಲನೆಯದನ್ನು ಮಾಡಿದರೂ ಸಾಕು. ಉಳಿದುವು ತಾವಾಗಿಯೇ ಹಿಂಬಾಲಿಸುವುವು. ಮುಂದಿನ ಸಲ ನಾನು ಆ ಬಯಲುಸೀಮೆಯ ಗ್ರಾಮಕ್ಕೆ ಹೋದಾಗ ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಕೆಂದಿದ್ದೇನೆ. "ಇದರಲ್ಲಿ ಎಷ್ಟು ದನ ಮೇಯಬಹುದು?" ಎಂಬುದಕ್ಕೆ ಯಾರಾದರೊಬ್ಬರು ಪುಸ್ತಕವನ್ನು ತೆರೆದು ಒಂದು ಅಂಕಿಯನ್ನು ಹೇಳಿದರೆ, ಆ ಅಂಕಿಯು ತಪ್ಪಾಗಿದ್ದರೂ ಚಿಂತೆಯಿಲ್ಲ, ಕೂಡಿ ಕುಳಿತು ತಿದ್ದಿಕೊಳ್ಳಬಹುದು.